ಬ್ರೆಕ್ಸಿಟ್ ಆದ್ಮೇಲೆ ಡಬ್ಲಿನ್‌ಗೆ ಸೋನಾ ಮಸೂರಿ ಕಳ್ಸೋ ಕೆಲ್ಸ

ಒಂದು ದೇಶ ದೊಡ್ಡ ಒಕ್ಕೂಟ ಬಿಟ್ಟು ಆಚೆ ಬಂತು ಅಂದ್ರೆ ಟೀವಿಲಿ ಬಾವುಟ, ಭಾಷಣ, ಪಾರ್ಲಿಮೆಂಟ್ ಗಲಾಟೆ ಇಷ್ಟೇ ಕಾಣ್ಸೋದು. ನಾನು ಅದನ್ನ ಕಂಡಿದ್ದು ಗೋಡೌನ್ ಆಫೀಸಲ್ಲಿ ಕೂತು, ಅವಲಕ್ಕಿಗೆ ಯಾವ ಕಸ್ಟಮ್ಸ್ ನಂಬರ್ ಹಾಕ್ಬೇಕು ಅಂತ ಹುಡುಕ್ತಾ. ಲಂಡನ್ನಲ್ಲಿ ವೆಂಬ್ಲಿ ಕಡೆ ಒಂದು ಇಂಡಿಯನ್ ದಿನಸಿ ಹೋಲ್‌ಸೇಲ್ ಕಂಪನೀಲಿ ನಂದು ಕೆಲ್ಸ, ಡಿಸ್ಪ್ಯಾಚು ಮತ್ತೆ ಪೇಪರ್ ವ್ಯವಹಾರ ಎರಡೂ ನನ್ ತಲೆ ಮೇಲೆ. ಬ್ರೆಕ್ಸಿಟ್, ಅಂದ್ರೆ ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟು ಆಚೆ ಬಂದಿದ್ದು, ಅದರ ಬಗ್ಗೆ ಕನ್ನಡದಲ್ಲಿ ರಾಜಕೀಯ ಬೇಕಾದಷ್ಟು ಬಂದಿದೆ, ಆದ್ರೆ ಅಕ್ಕಿ ಬೇಳೆ ಮಾರೋರಿಗೆ ಏನಾಯ್ತು ಅಂತ ಯಾರೂ ಬರ್ದಿದ್ದು ನಾನು ನೋಡಿಲ್ಲ, ಅದಕ್ಕೆ ಇದು.

ಮುಂಚೆ ಹೇಗಿತ್ತು ಅಂತ ಹೇಳ್ದೆ ಇದ್ರೆ ಆಮೇಲಿಂದು ಅರ್ಥ ಆಗಲ್ಲ. ಇಂಡಿಯಾದಿಂದ ಕಂಟೇನರ್ ಫೆಲಿಕ್ಸ್‌ಸ್ಟೋವ್ ಬಂದರಿಗೋ ಲಂಡನ್ ಗೇಟ್‌ವೇಗೋ ಬರೋದು, ಅಲ್ಲಿ ಒಂದ್ಸಲ ಸುಂಕ ಕಟ್ಟಿ ಬಿಡಿಸ್ಕೊಂಡ್ರೆ ಮುಗೀತು, ಆ ಮಾಲು ಐರೋಪ್ಯ ಒಕ್ಕೂಟದ 28 ದೇಶದಲ್ಲಿ ಎಲ್ಲಿ ಬೇಕಾದ್ರೂ ಓಡಾಡ್ಬಹುದು. ನಮಗೆ ಪಕ್ಕದ ದೇಶ ಐರ್ಲೆಂಡಲ್ಲಿ, ಅದು ಈಗ್ಲೂ ಒಕ್ಕೂಟದಲ್ಲೇ ಇದೆ, ಒಳ್ಳೆ ಗಿರಾಕಿಗಳಿದ್ರು, ಅದರಲ್ಲಿ ಡಬ್ಲಿನ್‌ನಲ್ಲಿ ಅಂಗಡಿ ಇಟ್ಟಿರೋ ಹಾಸನದ ಕಡೆಯ ಒಬ್ರು, ನಾನು ಅವ್ರನ್ನ ಅಣ್ಣ ಅಂತಲೇ ಕರೆಯೋದು. ಅವ್ರು ವಾಟ್ಸಾಪಲ್ಲಿ ಲಿಸ್ಟ್ ಹಾಕೋರು, ಸೋನಾ ಮಸೂರಿ ಇಷ್ಟು ಚೀಲ, ರಾಗಿ ಹಿಟ್ಟು, ತೊಗರಿಬೇಳೆ, ಬ್ಯಾಡಗಿ ಮೆಣಸಿನಕಾಯಿ, ಗಟ್ಟಿ ಅವಲಕ್ಕಿ, ತೆಳು ಅವಲಕ್ಕಿ, ಬೆಲ್ಲ, ಹುಣಸೆಹಣ್ಣು, ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಎಳ್ಳು, ಕೊಬ್ಬರಿ ಬಟ್ಲು. ನಾವು ಪ್ಯಾಲೆಟ್ ಅನ್ನೋ ಮರದ ಅಡಿಹಲಗೆ ಮೇಲೆ ಪೇರಿಸಿ ಕಟ್ಟಿ, ಒಂದು ಇನ್ವಾಯ್ಸ್ ಅಂಟಿಸಿ, ಲಾರಿಯೋರಿಗೆ ಕೊಟ್ಟುಬಿಡೋದು. ಲಾರಿ ವೇಲ್ಸಿನ ಹೋಲಿಹೆಡ್ ತನಕ ಹೋಗಿ ಅಲ್ಲಿಂದ ಹಡಗು ಹತ್ತಿ ಮೂರೂಕಾಲು ಗಂಟೇಲಿ ಡಬ್ಲಿನ್ ಸೇರೋದು. ಲಂಡನ್ನಿಂದ ಲೆಸ್ಟರ್‌ಗೆ ಕಳ್ಸೋ ಮಾಲಿಗೂ ಡಬ್ಲಿನ್‌ಗೆ ಕಳ್ಸೋ ಮಾಲಿಗೂ ನನ್ ಕಣ್ಣಿಗೆ ವ್ಯತ್ಯಾಸಾನೇ ಇರ್ಲಿಲ್ಲ, ಹಡಗಿನ ಬಾಡಿಗೆ ಒಂದು ಬಿಟ್ರೆ.

2016ರ ಜೂನ್ 23ಕ್ಕೆ ವೋಟಾಯ್ತು. ನಾನು ಬಂದು ಹೆಚ್ಚು ದಿನ ಆಗಿರ್ಲಿಲ್ಲ, ಹೆಂಡ್ತಿಗೆ ಇಲ್ಲಿ ಆಸ್ಪತ್ರೇಲಿ ನರ್ಸ್ ಕೆಲ್ಸ ಸಿಕ್ಕಿ ಅವಳ ಜೊತೆ ಬಂದೋನು, ಆದ್ರೂ ನನಗೆ ವೋಟಿತ್ತು, ಯಾಕಂದ್ರೆ ಇಂಡಿಯಾ ಕಾಮನ್‌ವೆಲ್ತ್ ದೇಶ. ನಮ್ ಗೋಡೌನಲ್ಲಿ ಹತ್ತು ವರ್ಷಕ್ಕಿಂತ ಜಾಸ್ತಿ ಟ್ಯಾಕ್ಸ್ ಕಟ್ಟಿದ್ದ ಪೋಲೆಂಡಿನ ಡ್ರೈವರ್‌ಗೆ ಇರ್ಲಿಲ್ಲ, ಯಾವುದರ ಬಗ್ಗೆ ವೋಟು ನಡೀತಿತ್ತೋ ಅದರಿಂದ ನೇರ ಪೆಟ್ಟು ಬೀಳೋದು ಅವನಿಗೇ. ನಾನು ಒಕ್ಕೂಟದಲ್ಲಿ ಇರ್ಲಿ ಅಂತ ಹಾಕ್ದೆ. ನಮ್ ಸೇಠು, ಗುಜರಾತಿನವ್ರು, ಆಚೆ ಬರ್ಲಿ ಅಂತ ಹಾಕಿದ್ರು, ಯುರೋಪಿನವ್ರಿಗೆ ಬಾಗಿಲು ತೆಗ್ದಿಟ್ಟು ನಮ್ಮವ್ರಿಗೆ ಮಾತ್ರ ವೀಸಾ ಅಂತ ಅಲೆಸ್ತಾರಲ್ಲ ಅದು ನಿಲ್ಲುತ್ತೆ ಅಂತ ಅವ್ರ ವಾದ. ಆ ವಾದದಲ್ಲಿ ಸತ್ಯ ಇಲ್ಲ ಅಂತ ನಾನು ಹೇಳಲ್ಲ, 2021ರಿಂದ ಹೊಸ ವೀಸಾ ಪದ್ಧತಿ ಬಂದ್ಮೇಲೆ ಇಂಡಿಯಾದಿಂದ ಬಂದೋರ ಸಂಖ್ಯೆ ನಿಜವಾಗ್ಲೂ ಏರ್ತು. ಫಲಿತಾಂಶ 51.9ಕ್ಕೆ 48.1, ಆಚೆ ಬರೋದು ಅಂತ.

ಅಲ್ಲಿಂದ ನಾಲ್ಕೂವರೆ ವರ್ಷ ಕಾಯೋದೇ ಆಯ್ತು. 2019ರ ಮಾರ್ಚ್ 29ಕ್ಕೆ ಹೊರಗೆ ಅಂದ್ರು, ಆಗ್ಲಿಲ್ಲ, ಅಕ್ಟೋಬರ್ 31 ಅಂದ್ರು, ಅದೂ ಆಗ್ಲಿಲ್ಲ, ಕೊನೆಗೆ 2020ರ ಜನವರಿ 31ರ ರಾತ್ರಿ 11 ಗಂಟೆಗೆ ಹೊರಗೆ ಬಂದ್ರು, ಆದ್ರೆ ಡಿಸೆಂಬರ್ ತನಕ ಎಲ್ಲಾ ಹಳೇ ಥರಾನೇ ಅಂದ್ರು. ಪ್ರತಿ ಸಲ ತಾರೀಕು ಹತ್ರ ಬಂದಾಗ ಸೇಠು ಎರಡು ಕಂಟೇನರ್ ಹೆಚ್ಚಿಗೆ ತರಿಸಿ ಸ್ಟಾಕ್ ಮಾಡೋರು, ತಾರೀಕು ಮುಂದಕ್ಕೆ ಹೋಗೋದು, ಸ್ಟಾಕಿನ ದುಡ್ಡು ಸಿಕ್ಕಾಕ್ಕೊಳ್ಳೋದು. ಸರ್ಕಾರದವ್ರು 'ತಯಾರಾಗಿ' ಅಂತ ಜಾಹೀರಾತು ಹಾಕ್ತಿದ್ರು, ಯಾವುದಕ್ಕೆ ತಯಾರಾಗ್ಬೇಕು ಅನ್ನೋ ಒಪ್ಪಂದ ಮಾತ್ರ ಇನ್ನೂ ಬರ್ದಿರ್ಲಿಲ್ಲ. ಅದು ಮುಗಿದಿದ್ದು 2020ರ ಡಿಸೆಂಬರ್ 24ಕ್ಕೆ, ಜಾರಿಗೆ ಬಂದಿದ್ದು ಜನವರಿ 1ಕ್ಕೆ. ಒಂದು ವಾರ, ಅದರಲ್ಲೂ ಕ್ರಿಸ್ಮಸ್ ರಜೆ. ಸಾವಿರಕ್ಕಿಂತ ಹೆಚ್ಚು ಪುಟದ ಒಪ್ಪಂದ. ಆ ವಾರಾನೇ ಕೋವಿಡ್‌ನ ಹೊಸ ತಳಿ ಅಂತ ಫ್ರಾನ್ಸ್ ಗಡಿ ಮುಚ್ಚಿ ಕೆಂಟ್ ಜಿಲ್ಲೇಲಿ ಸಾವಿರಾರು ಲಾರಿ ನಿಂತಿದ್ವು, ಮ್ಯಾನ್‌ಸ್ಟನ್ ಹಳೇ ಏರ್‌ಪೋರ್ಟಿನ ರನ್‌ವೇ ಮೇಲೆ ಲಾರಿ ಸಾಲು, ಖಾಲ್ಸಾ ಏಡ್‌ನ ಸಿಖ್ಖರು ಬಿಸಿ ಊಟ ತಗೊಂಡ್ ಹೋಗಿ ಡ್ರೈವರ್‌ಗಳಿಗೆ ಹಂಚಿದ್ರು. ಅದು ಬ್ರೆಕ್ಸಿಟ್‌ನಿಂದ ಆಗಿದ್ದಲ್ಲ, ಆದ್ರೆ ಗಡಿ ಅನ್ನೋದು ಒಂದ್ ದಿನ ಮುಚ್ಚಿದ್ರೆ ಏನಾಗುತ್ತೆ ಅಂತ ಆ ವಾರ ಎಲ್ಲರಿಗೂ ಕಂಡ್ತು.

ನಾನು ಅಷ್ಟರಲ್ಲಿ ಸುಮ್ನೆ ಕೂತಿರ್ಲಿಲ್ಲ. ಬೇಸಿಗೆಯಿಂದ್ಲೇ ಶುರು ಮಾಡಿದ್ದೆ. ಮೊದಲ್ನೇದು ಇಯೋರಿ ನಂಬರ್, ಗಡಿ ದಾಟಿ ಮಾಲು ಕಳ್ಸೋರಿಗೆ ತರ್ಸೋರಿಗೆ ಕೊಡೋ ನಂಬರು, ನಮಗೆ ಇಂಡಿಯಾದಿಂದ ತರ್ಸೋದಕ್ಕೆ ಅಂತ ಮೊದ್ಲೇ ಇತ್ತು. ಡಬ್ಲಿನ್ ಅಣ್ಣಂಗೆ ಇರ್ಲಿಲ್ಲ, ಯಾಕೆ ಇರ್ಬೇಕು, ಅವ್ರು ಇಷ್ಟು ವರ್ಷ ಲಂಡನ್ನಿಂದ ಮಾಲು ತಗೊಂಡಿದ್ದು ಪಕ್ಕದ ಬೀದಿಯಿಂದ ತಗೊಂಡ ಹಾಗೆ. ಫೋನ್ ಮಾಡಿ ಹೇಳ್ದೆ, ಅಣ್ಣ ಜನವರಿಯಿಂದ ನೀವು ಇಂಪೋರ್ಟರ್, ಅಲ್ಲಿನ ತೆರಿಗೆ ಇಲಾಖೆ ರೆವಿನ್ಯೂನಲ್ಲಿ ರಿಜಿಸ್ಟರ್ ಮಾಡಿಸ್ಕೊಳ್ಳಿ, ಅಲ್ಲೊಬ್ಬ ಕಸ್ಟಮ್ಸ್ ಏಜೆಂಟ್ ಹಿಡ್ಕೊಳ್ಳಿ ಅಂತ. "ಏನಪ್ಪಾ ಹಿಂಗಂತೀಯಾ, ನಾನು ಅಂಗಡಿ ಇಟ್ಟಿರೋನು ಕಣೋ, ಇಂಪೋರ್ಟರ್ ಯಾವಾಗ ಆದೆ?" ಅಂದ್ರು. ಆ ಪ್ರಶ್ನೆಗೆ ನನ್ ಹತ್ರ ಉತ್ತರ ಇರ್ಲಿಲ್ಲ, ಯಾರೋ ಹಾಕಿದ ವೋಟಿನಿಂದ ಇನ್ನೊಂದು ದೇಶದಲ್ಲಿ ಕೂತಿರೋ ಮನುಷ್ಯ ಇಂಪೋರ್ಟರ್ ಆಗಿದ್ರು.

ಆಮೇಲೆ ಕಮಾಡಿಟಿ ಕೋಡ್. ಇದೇ ನಿಜವಾದ ಗುದ್ದಾಟ. ಪ್ರಪಂಚದಲ್ಲಿರೋ ಪ್ರತಿ ಸಾಮಾನಿಗೂ ಒಂದು ನಂಬರ್ ಇದೆ, ರಫ್ತಿಗೆ 8 ಅಂಕಿ, ಆಮದಿಗೆ 10. ಆ ನಂಬರ್ ಪಟ್ಟೀಲಿ ಅಕ್ಕಿ 10ನೇ ಅಧ್ಯಾಯ. ರಾಗಿ ಕಾಳೂ 10ನೇ ಅಧ್ಯಾಯ, ಅದೇ ಬೀಸಿ ಹಿಟ್ಟು ಮಾಡಿದ್ರೆ 11ಕ್ಕೆ ಹೋಯ್ತು. ಅವಲಕ್ಕಿ ಅಕ್ಕಿನಾ ಅಥವಾ ಧಾನ್ಯದಿಂದ ಮಾಡಿದ ತಿನಿಸಾ ಅಂತ ಏಜೆಂಟಿಗೂ ನನಗೂ ದೊಡ್ಡ ಚರ್ಚೆ, ಆ ಹುಡುಗಿ ಪಾಪ ಅವಲಕ್ಕಿ ಕಣ್ಣಲ್ಲೂ ಕಂಡೋಳಲ್ಲ, ನಾನು ಫೋಟೋ ತೆಗ್ದು ಕಳಿಸಿ, ಭತ್ತ ನೆನೆಸಿ ಹುರಿದು ಕುಟ್ಟಿ ಚಪ್ಪಟೆ ಮಾಡ್ತಾರಮ್ಮ ಅಂತ ಇಂಗ್ಲಿಷಲ್ಲಿ ಒಂದು ಪುಟ ಬರ್ದೆ. ಬೆಲ್ಲ ಹೋಗಿ 17ನೇ ಅಧ್ಯಾಯದಲ್ಲಿ ಸಕ್ಕರೆ ಜೊತೆ ಕೂತ್ಕೊಳ್ಳುತ್ತೆ, ಅಲ್ಲಿ ಸುಂಕ ಜೋರು. ಸಾರಿನ ಪುಡಿ ಬರೀ ಮಸಾಲೆ ಮಿಶ್ರಣ ಅನ್ನಿಸ್ಕೊಂಡ್ರೆ ಒಂದು ನಂಬರ್, ಬೇಳೆ ಉಪ್ಪು ಇತ್ಯಾದಿ ಸೇರಿ ಅದರ ಗುಣಾನೇ ಬದಲಾಯ್ತು ಅಂದ್ರೆ ಬೇರೆ ನಂಬರ್. ಹಾಗಾಗಿ ಪ್ರತಿ ಪೊಟ್ಟಣದ ಹಿಂದೆ ಏನೇನು ಬರ್ದಿದೆ ಅಂತ ಓದಿ ಎಕ್ಸೆಲ್ ಶೀಟಿಗೆ ಹತ್ತಿಸ್ತಾ ಹೋದೆ.

ಇಲ್ಲಿ ಒಂದು ವಿಷ್ಯ ಗಮನಿಸ್ಬೇಕು, ಇದನ್ನ ಯಾವ ನ್ಯೂಸಲ್ಲೂ ಹೇಳ್ಲಿಲ್ಲ. ಒಂದು ದೊಡ್ಡ ಕಂಪನಿ ಒಂದು ಲಾರಿ ತುಂಬಾ ವಾಷಿಂಗ್ ಮೆಷಿನ್ ಕಳ್ಸಿದ್ರೆ ಕಸ್ಟಮ್ಸಿಗೆ ಕೊಡೋ ಡಿಕ್ಲರೇಷನ್‌ನಲ್ಲಿ ಒಂದೇ ಸಾಲು. ನಮ್ ಅಣ್ಣನ ಒಂದೇ ಒಂದು ಪ್ಯಾಲೆಟ್‌ನಲ್ಲಿ ಅರವತ್ತು ಎಪ್ಪತ್ತು ಥರ ಸಾಮಾನು, ಎರಡು ಡಬ್ಬ ಇಂಗು, ಅರ್ಧ ಡಜನ್ ಗೊಜ್ಜಿನ ಬಾಟ್ಲಿ, ಒಂದು ಪೆಟ್ಟಿಗೆ ಹಪ್ಪಳ. ಪ್ರತಿಯೊಂದಕ್ಕೂ ಕೋಡು, ತೂಕ, ಬೆಲೆ, ಹುಟ್ಟಿದ ದೇಶ. ಏಜೆಂಟ್‌ಗಳು ಸಾಲಿನ ಲೆಕ್ಕದಲ್ಲಿ ಫೀ ಹಾಕ್ತಾರೆ, ಇಲ್ಲಿ ರಫ್ತಿಗೊಂದು, ಅಲ್ಲಿ ಆಮದಿಗೊಂದು. ಹೊಸ ಗಡಿ ಎಲ್ಲರಿಗೂ ಒಂದೇ ಅಂತಾರೆ, ಒಂದೇ ಅಲ್ಲ. ಒಂದೇ ಸಾಮಾನು ಮಾರೋ ದೊಡ್ಡೋರಿಗೆ ಅದು ಒಂದು ಹಾಳೆ, ನೂರು ಸಾಮಾನು ಸ್ವಲ್ಪ ಸ್ವಲ್ಪ ಮಾರೋ ಸಣ್ಣ ದಿನಸಿಯೋರಿಗೆ ಅದು ಒಂದು ಪುಸ್ತಕ.

ಕ್ರಿಸ್ಮಸ್ ಹಿಂದಿನ ದಿನ ಒಪ್ಪಂದ ಆಯ್ತು, ಸುಂಕ ಸೊನ್ನೆ, ಕೋಟಾ ಸೊನ್ನೆ ಅಂತ ಪ್ರಧಾನಿ ಬೋರಿಸ್ ಜಾನ್ಸನ್ ಟೀವಿಲಿ ಹೇಳಿದ್ರು. ಸೇಠು ಖುಷಿಯಾಗಿ ಫೋನ್ ಮಾಡಿ "ಭಾಯ್, ಎಲ್ಲಾ ಬಗೆಹರೀತು, ಡ್ಯೂಟಿ ಇಲ್ಲ" ಅಂದ್ರು. ನಾನು ಆಗ್ಲೇ ರೂಲ್ಸ್ ಆಫ್ ಒರಿಜಿನ್ ಬಗ್ಗೆ ಓದಿದ್ದೆ, ಸೇಠ್‌ಜೀ ಆ ಸೊನ್ನೆ ನಮಗಲ್ಲ ಅಂದೆ. ಯಾಕಂದ್ರೆ ಸೊನ್ನೆ ಸುಂಕ ಬ್ರಿಟನ್ನಲ್ಲಿ ಬೆಳೆದ ಅಥವಾ ಬ್ರಿಟನ್ನಲ್ಲೇ ಸಾಕಷ್ಟು ತಯಾರಾದ ಮಾಲಿಗೆ ಮಾತ್ರ. ನಮ್ ಅಕ್ಕಿ ಹುಟ್ಟಿದ್ದು ರಾಯಚೂರು ಸಿಂಧನೂರು ಕಡೆ ಗದ್ದೇಲಿ. "ಅರೇ, ದೊಡ್ಡ ಮೂಟೆ ಒಡ್ದು ಇಲ್ಲಿ ಸಣ್ಣ ಚೀಲಕ್ಕೆ ಹಾಕೋರು ನಾವಲ್ವಾ, ಚೀಲದ ಮೇಲೆ ಪ್ಯಾಕ್ಡ್ ಇನ್ ಯುಕೆ ಅಂತಾನೇ ಇದೆಯಲ್ಲ?" ಅಂದ್ರು ಸೇಠು. ಚೀಲ ಬದಲಾಯಿಸಿದ್ರೆ ಅಕ್ಕಿ ಊರು ಬದಲಾಗಲ್ಲ ಸೇಠ್‌ಜೀ, ಪ್ಯಾಕಿಂಗ್ ಲೆಕ್ಕಕ್ಕಿಲ್ಲ ಅಂತ ಒಪ್ಪಂದದಲ್ಲೇ ಬರ್ದಿದ್ದಾರೆ ಅಂದೆ. ಅಂದ್ರೆ ಇಂಡಿಯಾದಿಂದ ಬಂದಾಗ ಬ್ರಿಟನ್ ಸುಂಕ ಕಟ್ಟಿರೋ ಅಕ್ಕಿ ಮೇಲೆ ಡಬ್ಲಿನ್ ಬಂದರಲ್ಲಿ ಮತ್ತೆ ಐರೋಪ್ಯ ಒಕ್ಕೂಟದ ಸುಂಕ, ಪಾಲಿಶ್ ಆದ ಅಕ್ಕಿಗೆ ಟನ್ನಿಗೆ 175 ಯೂರೋ. 10 ಕೆಜಿ ಚೀಲಕ್ಕೆ 1 ಯೂರೋ 75 ಸೆಂಟ್ ಆಯ್ತು. ಸಣ್ಣದು ಅನ್ಸ್ಬಹುದು, ಆದ್ರೆ ಅಂಗಡಿಯೋರನ್ನ ಕೇಳಿ, ಅಕ್ಕಿ ಮೇಲೆ ಅವ್ರಿಗೆ ಲಾಭಾನೇ ಕಮ್ಮಿ, ಅಕ್ಕಿಗೆ ಅಂತ ಬಂದ ಗಿರಾಕಿ ಬೇರೆ ಸಾಮಾನು ತಗೊಂಡ್ ಹೋಗ್ಲಿ ಅಂತಾನೇ ಅಕ್ಕಿ ಇಡೋದು.

ಜನವರಿಲಿ ಮೊದಲ್ನೇ ಲೋಡು. ಆರ್ಡರ್ ಕಟ್ಟೋಕೆ ಮುಂಚೆ ಪ್ಯಾಲೆಟ್‌ಗಳನ್ನೇ ಆರಿಸ್ಬೇಕಾಯ್ತು. ಮರದ ಪ್ಯಾಲೆಟ್ ಹುಳ ಸಾಯೋ ಹಾಗೆ ಬಿಸಿ ಮಾಡಿದ್ದಿರ್ಬೇಕು, ಅದರ ಬದೀಲಿ ಗೋಧಿ ತೆನೆ ಚಿತ್ರ, ಪಕ್ಕದಲ್ಲಿ ಎಚ್‌ಟಿ ಅಂತ ಎರಡಕ್ಷರ ಸುಟ್ಟು ಮುದ್ರೆ ಒತ್ತಿರ್ಬೇಕು, ಇಲ್ಲಾಂದ್ರೆ ಒಕ್ಕೂಟದೊಳಕ್ಕೆ ಬಿಡಲ್ಲ. ಗೋಡೌನ್ ಹಿಂದೆ ಮಳೇಲಿ ನೆಂದು ಕಪ್ಪಾಗಿರೋ ಪ್ಯಾಲೆಟ್ ರಾಶಿ, ನಾನು ಮತ್ತೆ ಆ ಪೋಲೆಂಡಿನ ಡ್ರೈವರು ಮೊಬೈಲ್ ಟಾರ್ಚ್ ಹಿಡ್ಕೊಂಡು ಒಂದೊಂದೇ ತಿರುಗಿಸಿ ಮುದ್ರೆ ಹುಡುಕಿದ್ವಿ, ಅರ್ಧಕ್ಕರ್ಧ ಮುದ್ರೆ ಇಲ್ಲದ್ದೇ. ಅವು ಜನವರಿಯಿಂದ ಬ್ರಿಟನ್ ಒಳಗೆ ಮಾತ್ರ ಓಡಾಡೋಕೆ ಲಾಯಕ್ಕು. ಒಳ್ಳೆವನ್ನ ಬೇರೆ ಮಾಡಿ ಗೋಡೇಗೆ ಒರಗಿಸಿ ಮೇಲೆ ಚಾಕ್‌ಪೀಸಲ್ಲಿ 'ಐರ್ಲೆಂಡ್' ಅಂತ ಬರೆದಿಟ್ವಿ.

ಮೊದಲ್ನೇ ಲೋಡಿಗೆ ನಾನು ಬೇಕಂತಲೇ ಸಾಮಾನು ಕಮ್ಮಿ ಮಾಡ್ದೆ. ತುಪ್ಪದಲ್ಲಿ ಮಾಡಿದ ಮೈಸೂರ್ ಪಾಕು, ಪೇಡ, ಹಾಲಿನ ಅಂಶ ಇರೋದೆಲ್ಲಾ ತೆಗ್ದೆ. ಪ್ರಾಣಿಜನ್ಯ ಪದಾರ್ಥ ಇದ್ರೆ ಹೆಲ್ತ್ ಸರ್ಟಿಫಿಕೇಟ್ ಬೇಕು, ಅದಕ್ಕೆ ಸರ್ಕಾರ ಒಪ್ಪಿದ ಪಶುವೈದ್ಯರೇ ಸಹಿ ಹಾಕ್ಬೇಕು, ಪ್ರತಿ ಪುಟಕ್ಕೂ ಸೀಲು, ಅನ್ವಯ ಆಗದ ಸಾಲುಗಳನ್ನ ಹೊಡೆದು ಹಾಕಿದ್ರೆ ಅಲ್ಲೂ ಸೀಲು ಸಹಿ, ಸಹಿ ಮಾಡೋ ಇಂಕು ಮುದ್ರಣದ ಬಣ್ಣದ್ದು ಆಗಿರ್ಬಾರ್ದು. ನಾಲ್ಕು ಪೆಟ್ಟಿಗೆ ಪೇಡಕ್ಕೆ ಅಷ್ಟೊಂದು ಯಾರು ಮಾಡ್ತಾರೆ. ಎಳ್ಳು, ಒಣಮೆಣಸಿನಕಾಯಿನೂ ತೆಗ್ದೆ, ಇಂಡಿಯಾದ ಎಳ್ಳು ಮೆಣಸಿನಕಾಯಿ ಮೇಲೆ ಒಕ್ಕೂಟದವ್ರದ್ದು ಮೊದ್ಲಿಂದ್ಲೂ ಹೆಚ್ಚಿನ ತಪಾಸಣೆ, ಅದು ನಮಗೆ ಫೆಲಿಕ್ಸ್‌ಸ್ಟೋವ್‌ನಲ್ಲಿ ಒಂದ್ಸಲ ಆಗಿ ಮುಗಿಯೋದು, ಈಗ ಡಬ್ಲಿನ್‌ನಲ್ಲಿ ಮತ್ತೆ. ಅಣ್ಣ ಬೇಜಾರ್ ಮಾಡ್ಕೊಂಡ್ರು, ಸಂಕ್ರಾಂತಿ ಹತ್ರ ಬಂತು, ಎಳ್ಳು ಬೆಲ್ಲ ಇಲ್ದೆ ಏನ್ ಮಾರ್ಲಿ ಅಂತ.

ಐರ್ಲೆಂಡಿನ ಕಡೆ ಪದ್ಧತಿ ಹೀಗೆ, ಅಲ್ಲಿನ ಏಜೆಂಟು ಆಮದು ಡಿಕ್ಲರೇಷನ್ ಹಾಕ್ಬೇಕು, ಲಾರಿಯೋರು ಸೇಫ್ಟಿ ಡಿಕ್ಲರೇಷನ್ ಅಂತ ಇನ್ನೊಂದು ಹಾಕ್ಬೇಕು, ಇದೆಲ್ಲದರ ನಂಬರ್ ಸೇರಿಸಿ ಹಡಗು ಹತ್ತೋ ಮುಂಚೆ ಒಂದೇ ಒಂದು ಪಿಬಿಎನ್ ನಂಬರ್ ಪಡೀಬೇಕು, ಅದಿಲ್ದೆ ಹೋಲಿಹೆಡ್‌ನಲ್ಲಿ ಲಾರಿ ಗೇಟ್ ದಾಟಲ್ಲ. ನಮ್ ಪೇಪರೆಲ್ಲಾ ಸರಿ ಇತ್ತು. ಆದ್ರೆ ಮೂರು ಪ್ಯಾಲೆಟ್ ಕಳ್ಸೋರು ಒಂದು ಪೂರ್ತಿ ಲಾರಿ ಮಾಡಲ್ಲ, ಹತ್ತಾರು ಜನದ ಮಾಲಿನ ಜೊತೆ ಒಂದೇ ಟ್ರೇಲರ್‌ನಲ್ಲಿ ಹೋಗುತ್ತೆ. ಆ ಟ್ರೇಲರ್‌ನಲ್ಲಿ ಬೇರೆ ಯಾರದ್ದೋ ಒಂದು ಪೆಟ್ಟಿಗೆಯ ನಂಬರ್ ತಪ್ಪಿತ್ತು, ಒಂದು ತಪ್ಪಿದ್ರೆ ಪಿಬಿಎನ್ ಹುಟ್ಟಲ್ಲ, ಪಿಬಿಎನ್ ಇಲ್ದೆ ಇಡೀ ಟ್ರೇಲರ್ ನಿಂತ್ತು. ನಾನು ಲಾರಿ ಆಫೀಸಿಗೆ ಫೋನ್ ಮಾಡಿದ್ರೆ ಕಾಯಿರಿ ಅಂತಾರೆ, ಏಜೆಂಟಿಗೆ ಮಾಡಿದ್ರೆ ನಿಮ್ಮದು ಕ್ಲಿಯರ್ ಇದೆ ಅಂತಾರೆ, ಅಣ್ಣ ಗಂಟೆಗೊಂದ್ಸಲ "ಎಲ್ಲಿದೆಯಪ್ಪಾ" ಅಂತಾರೆ. ಕ್ಲಿಯರ್ ಆಗಿರೋ ಮಾಲು ಹೋಗದೆ ನಿಂತಿರೋದನ್ನ ಅಂಗಡಿಯೋರಿಗೆ ವಿವರಿಸೋದು ಎಷ್ಟು ಕಷ್ಟ ಅಂತ ಆಗ ಗೊತ್ತಾಯ್ತು. ನಾವಷ್ಟೇ ಅಲ್ಲ, ಆ ಮೊದಲ್ನೇ ವಾರ ಹೋಲಿಹೆಡ್‌ನಿಂದ ವಾಪಸ್ ಬಂದ ಲಾರಿಗಳು ಬೇಕಾದಷ್ಟು, ಡಬ್ಲಿನ್‌ನ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲೂ ರ‍್ಯಾಕು ಖಾಲಿ ಇದ್ದ ಫೋಟೋ ಪೇಪರಲ್ಲಿ ಬಂತು, ಐರ್ಲೆಂಡ್ ಸರ್ಕಾರಾನೇ ಜನವರಿ ಮೊದಲ ವಾರದ ಕೊನೇಲಿ ಸೇಫ್ಟಿ ಡಿಕ್ಲರೇಷನ್ ವಿಷ್ಯದಲ್ಲಿ ತಾತ್ಕಾಲಿಕ ಸಡಿಲಿಕೆ ಕೊಡ್ಬೇಕಾಯ್ತು.

ಆ ದಿನಗಳಲ್ಲಿ ನನಗೆ ಅತ್ತಿಬೆಲೆ ನೆನಪಾಗ್ತಾನೇ ಇರೋದು. ಈ ದೇಶಕ್ಕೆ ಬರೋ ಮುಂಚೆ ನಾನು ಬೆಂಗಳೂರಲ್ಲಿ ಒಂದು ಟ್ರಾನ್ಸ್‌ಪೋರ್ಟ್ ಆಫೀಸಲ್ಲಿದ್ದೆ, ತಮಿಳ್ನಾಡಿಗೆ ಹೋಗೋ ಪ್ರತಿ ಲೋಡಿಗೂ ತೆರಿಗೆ ಇಲಾಖೆಯ ಇ-ಸುಗಮ್ ನಂಬರ್ ಆನ್‌ಲೈನಲ್ಲಿ ತೆಗೆಯೋದೇ ಕೆಲ್ಸ, ಅತ್ತಿಬೆಲೆ ಚೆಕ್‌ಪೋಸ್ಟಲ್ಲಿ ಲಾರಿ ನಿಂತ್ರೆ ರಾತ್ರಿಯೆಲ್ಲಾ ಫೋನು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ತಮ್ಮ ಫೋನ್ ಮಾಡಿ "ಅಣ್ಣಾ, ಚೆಕ್‌ಪೋಸ್ಟ್ ಎತ್ತಿಬಿಟ್ರು, ಲಾರಿ ಸೀದಾ ಹೊಸೂರಿಗೆ ಹೋಗ್ತಿದೆ" ಅಂತ ಹೇಳಿದ್ದ. ಸರಿಯಾಗಿ ಅದೇ ವರ್ಷ ಮಾರ್ಚಲ್ಲಿ ಬ್ರಿಟನ್ ಒಕ್ಕೂಟ ಬಿಡ್ತೀವಿ ಅಂತ ಅರ್ಜಿ ಕೊಟ್ಟಿತ್ತು. ಒಂದು ಕಡೆ ಎತ್ತೋದು ನೋಡಿದೋನು ಇನ್ನೊಂದು ಕಡೆ ಕಟ್ಟೋದನ್ನೂ ನೋಡಿದೆ. ಚೆಕ್‌ಪೋಸ್ಟ್ ಇಲ್ದೆ ಇದ್ದಾಗ ಅದರ ಬೆಲೆ ಯಾರಿಗೂ ಕಾಣಲ್ಲ, ಕಟ್ಟಿದ ದಿನ ಲೋಡ್ ಕಳ್ಸೋ ಗುಮಾಸ್ತನಿಗೆ ಮೊದ್ಲು ಕಾಣುತ್ತೆ.

ಬೆಲ್‌ಫಾಸ್ಟ್ ಕಥೆ ಬೇರೆ, ಇನ್ನೂ ವಿಚಿತ್ರ. ಬೆಲ್‌ಫಾಸ್ಟ್ ಅಂದ್ರೆ ನಾರ್ದರ್ನ್ ಐರ್ಲೆಂಡ್, ಅದು ಬ್ರಿಟನ್ನಿನದ್ದೇ ಭಾಗ, ಅಲ್ಲೊಬ್ಬ ಅಕ್ಕ ಅಂಗಡಿ ನಡೆಸ್ತಾರೆ, ಬೆಂಗಳೂರಲ್ಲಿ ಹುಟ್ಟಿ ಬೆಳೆದ ತಮಿಳು ಮನೆಯವ್ರು. ಐರ್ಲೆಂಡ್ ದ್ವೀಪದ ಒಳಗೆ ಮತ್ತೆ ಗಡಿ ಬೇಲಿ ಬರಬಾರ್ದು ಅಂತ, ಅಲ್ಲಿ ವರ್ಷಗಟ್ಟಲೆ ನಡೆದ ಹೊಡೆದಾಟ ನಿಲ್ಲಿಸಿದ 1998ರ ಶಾಂತಿ ಒಪ್ಪಂದ ಹಾಳಾಗ್ಬಾರ್ದು ಅಂತ, ಆ ಭಾಗ ಮಾಲಿನ ವಿಷ್ಯದಲ್ಲಿ ಒಕ್ಕೂಟದ ನಿಯಮದಲ್ಲೇ ಉಳೀತು, ಹಾಗಾಗಿ ಗಡಿ ಹೋಗಿ ಸಮುದ್ರದ ಮೇಲೆ ಕೂತ್ತು. ಶಾಂತಿಗೋಸ್ಕರ ಮಾಡಿದ್ದು, ಅದು ಸರೀನೇ, ಆ ಊರಿನ ಇತಿಹಾಸ ಗೊತ್ತಿದ್ದೋರು ಬೇರೆ ಮಾತಾಡಲ್ಲ. ಆದ್ರೆ ಲಂಡನ್ನಿಂದ ಅದೇ ದೇಶದ ಇನ್ನೊಂದು ಊರಿಗೆ ಬೇಳೆ ಕಳ್ಸೋಕೆ ಡಿಕ್ಲರೇಷನ್ ಬೇಕಾಯ್ತು, ಎಕ್ಸ್‌ಐ ಅಂತ ಶುರುವಾಗೋ ಬೇರೆ ಇಯೋರಿ ನಂಬರ್ ಬೇಕಾಯ್ತು. ಇಲ್ಲಿ ಒಂದು ಒಳ್ಳೇದು, ಸರ್ಕಾರ ಟ್ರೇಡರ್ ಸಪೋರ್ಟ್ ಸರ್ವಿಸ್ ಅಂತ ಪುಕ್ಕಟೆ ಸೇವೆ ಇಟ್ಟಿತ್ತು, ಏಜೆಂಟ್ ಫೀ ಇಲ್ಲ. 2023ರ ಅಕ್ಟೋಬರ್‌ನಿಂದ ವಿಂಡ್ಸರ್ ಫ್ರೇಮ್‌ವರ್ಕ್ ಅನ್ನೋ ಹೊಸ ಒಪ್ಪಂದದ ಗ್ರೀನ್ ಲೇನ್ ಬಂದ್ಮೇಲೆ ನೋಂದಾಯಿಸ್ಕೊಂಡೋರಿಗೆ ಪೇಪರ್ ಸ್ವಲ್ಪ ಕಮ್ಮಿ ಆಯ್ತು, ಕೆಲವು ಪೊಟ್ಟಣದ ಮೇಲೆ 'ನಾಟ್ ಫಾರ್ ಇಯು', ಅಂದ್ರೆ ಐರೋಪ್ಯ ಒಕ್ಕೂಟಕ್ಕಲ್ಲ, ಅಂತ ಚೀಟಿ ಅಂಟಿಸೋದು ಮಾತ್ರ ಸೇರ್ಕೊಂಡ್ತು.

ಡಬ್ಲಿನ್ ವ್ಯಾಪಾರ ಉಳಿಸ್ಕೊಳ್ಳೋಕೆ ನಾವು ಮಾಡದ್ದಿಲ್ಲ. 2021ರ ಫೆಬ್ರವರಿಲಿ ಸಣ್ಣ ಕಂಪನಿಗಳಿಗೆ ಅಂತ 2,000 ಪೌಂಡ್ ತನಕ ಸಹಾಯ ಪ್ರಕಟ ಮಾಡಿದ್ರು, ತರಬೇತಿಗೂ ಸಲಹೆಗೂ ಅಂತ, ಅದರಲ್ಲಿ ನಾನು ಕಸ್ಟಮ್ಸ್ ಕೋರ್ಸ್ ಮಾಡ್ದೆ. ಅಲ್ಲಿ ಕಲಿತಿದ್ದನ್ನ ಸೇಠಿಗೆ ಹೇಳ್ದೆ, ಐರ್ಲೆಂಡಿಗೆ ಹೋಗೋ ಅಕ್ಕಿನ ಇಲ್ಲಿ ಬಿಡಿಸ್ಕೊಳ್ಳೋದೇ ಬೇಡ, ಬಾಂಡೆಡ್ ಗೋಡೌನಲ್ಲಿ ಸುಂಕ ಕಟ್ಟದೆ ಇಡೋಣ, ಅಲ್ಲಿಂದ ಟಿ-1 ಅಂತ ಟ್ರಾನ್ಸಿಟ್ ಪೇಪರ್ ಮಾಡಿ ಸೀದಾ ಡಬ್ಲಿನ್‌ಗೆ ಕಳ್ಸಿದ್ರೆ ಸುಂಕ ಒಂದೇ ಸಲ ಅಂತ. ಕೆಲ್ಸ ಮಾಡ್ತು, ಅಕ್ಕಿ ಗೋಧಿಹಿಟ್ಟಿನಂಥ ದೊಡ್ಡ ಲಾಟಿಗೆ. ಆದ್ರೆ ಆ ಗೋಡೌನಿಗೆ ಬಾಡಿಗೆ ಬೇರೆ, ಗ್ಯಾರಂಟಿ ದುಡ್ಡು ಬೇರೆ, ಟಿ-1 ಫೀ ಬೇರೆ, ಮೂಟೆ ಲೆಕ್ಕ ಒಂದು ತಪ್ಪಿದ್ರೂ ಕಸ್ಟಮ್ಸಿಗೆ ಉತ್ತರ ಕೊಡ್ಬೇಕು. ಇಂಗು ಹಪ್ಪಳದ ಪ್ಯಾಲೆಟಿಗೆ ಅದು ಆಗೋ ಮಾತಲ್ಲ.

ಒಂದ್ಸಲ ಅಣ್ಣ ಹುಳ ಬಿದ್ದಿದೆ ಅಂತ ಕಡ್ಲೆಹಿಟ್ಟು ವಾಪಸ್ ಕಳಿಸ್ತೀನಿ ಅಂದಾಗ ನಾನೇ ಬೇಡ ಅಂದೆ. ಮುಂಚೆ ಆಗಿದ್ರೆ ಮುಂದಿನ ಲಾರೀಲಿ ಹಾಕಿ ಅನ್ನೋದು. ಈಗ ವಾಪಸ್ ಬರೋದೂ ಒಂದು ಇಂಪೋರ್ಟು, ಇದು ನಮ್ಮಿಂದಲೇ ಹೋಗಿದ್ದು ಅಂತ ದಾಖಲೆ ತೋರಿಸಿ ರಿಯಾಯಿತಿ ಕೇಳ್ಬೇಕು, ಇಲ್ಲಾಂದ್ರೆ ನಮ್ಮದೇ ಮಾಲಿಗೆ ಮತ್ತೆ ಸುಂಕ. ಅಲ್ಲೇ ಬಿಸಾಕಿ ಅಣ್ಣ, ಕ್ರೆಡಿಟ್ ನೋಟ್ ಹಾಕ್ತೀನಿ ಅಂದೆ. ತಿನ್ನೋ ಪದಾರ್ಥ ಬಿಸಾಕೋದು ನಮ್ ಮನೇಲಿ ಯಾರಿಗೂ ಬರಲ್ಲ, ಆ ದಿನ ಮನಸ್ಸಿಗೆ ತುಂಬಾ ಹಿಂಸೆ ಆಯ್ತು.

ಇಲ್ಲಿ ನನಗೆ ಕೋಪ ಬರೋದು ಒಂದೇ ವಿಷ್ಯಕ್ಕೆ. ಬ್ರಿಟನ್ನಿಂದ ಒಕ್ಕೂಟಕ್ಕೆ ಹೋಗೋ ಮಾಲಿಗೆ 2021ರ ಜನವರಿ 1ರಿಂದ್ಲೇ ಎಲ್ಲಾ ತಪಾಸಣೆ ಶುರು. ಒಕ್ಕೂಟದಿಂದ ಬ್ರಿಟನ್ನಿಗೆ ಬರೋ ತಿನಿಸಿಗೆ ಇಲ್ಲಿನ ಸರ್ಕಾರ ಮುಂದಕ್ಕೆ ಮುಂದಕ್ಕೆ ಹಾಕ್ತಾ ಹೋಗಿ, ಹೆಲ್ತ್ ಸರ್ಟಿಫಿಕೇಟು 2024ರ ಜನವರಿ ಕೊನೆಗೆ, ಬಂದರಲ್ಲಿ ಪೆಟ್ಟಿಗೆ ತೆಗ್ದು ನೋಡೋದು ಏಪ್ರಿಲ್ ಕೊನೆಗೆ ಶುರುವಾಯ್ತು. ಅಂಗಡೀಲಿ ರ‍್ಯಾಕ್ ಖಾಲಿ ಆಗ್ಬಾರ್ದು ಅಂತ ಮಾಡಿದ್ದು, ಅದೂ ಗೊತ್ತು. ಆದ್ರೆ ಮೂರು ವರ್ಷ ನಮ್ಮಂಥೋರು ಈ ಕಡೆಯಿಂದ ಎಲ್ಲಾ ಕಟ್ಟಿ ಎಲ್ಲಾ ತುಂಬಿಸಿ ಕಳ್ಸಿದ್ವಿ, ಆ ಕಡೆಯೋರು ಆರಾಮಾಗಿ ತಂದು ಇಲ್ಲಿ ಮಾರಿದ್ರು. ವೋಟಿನ ಟೈಮಲ್ಲಿ 'ನಮ್ಮ ಗಡಿ ನಮ್ಮ ಕೈಯಲ್ಲಿ' ಅಂತ ಹೇಳಿದೋರು ಈ ಲೆಕ್ಕ ಯಾವತ್ತೂ ಹೇಳ್ಲಿಲ್ಲ.

ಅಣ್ಣ ಎಷ್ಟು ದಿನ ಅಂತ ತಡ್ಕೊಳ್ತಾರೆ. ಡಬ್ಲಿನ್, ಕಾರ್ಕ್, ಗಾಲ್ವೇ ಕಡೆಯ ಕೆಲವು ಅಂಗಡಿಯೋರು ಸೇರ್ಕೊಂಡು ಒಟ್ಟಿಗೆ ಒಂದು ಕಂಟೇನರ್ ತರ್ಸೋಕೆ ಶುರು ಮಾಡಿದ್ರು. ಬೆಂಗಳೂರಲ್ಲಿ ತುಂಬಿ, ವೈಟ್‌ಫೀಲ್ಡ್ ಡಿಪೋದಿಂದ ರೈಲಲ್ಲಿ ಚೆನ್ನೈ, ಚೆನ್ನೈನಿಂದ ರೋಟರ್‌ಡ್ಯಾಮ್, ಅಲ್ಲಿಂದ ಸಣ್ಣ ಹಡಗಲ್ಲಿ ಡಬ್ಲಿನ್. ಬ್ರಿಟನ್ ನೆಲ ಮುಟ್ಟೋದೇ ಇಲ್ಲ, ಸುಂಕ ಒಂದೇ ಸಲ, ಎಳ್ಳು ಮೆಣಸಿನಕಾಯಿ ತಪಾಸಣೆ ಒಂದೇ ಸಲ. ಕಷ್ಟಾನೂ ಇದೆ, ತಿಂಗಳುಗಟ್ಟಲೆ ಮುಂಚೆ ಆರ್ಡರ್ ಹಾಕ್ಬೇಕು, ಅಷ್ಟೂ ದುಡ್ಡು ಮೊದ್ಲೇ ಇಳಿಸ್ಬೇಕು, 2021ರ ಮಾರ್ಚಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೇಲಿ ಅಡ್ಡ ಸಿಕ್ಕಾಕ್ಕೊಂಡಾಗ ಅವ್ರ ಮಾಲು ಅದರ ಹಿಂದೆ ಸಾಲಲ್ಲಿತ್ತು. ಆದ್ರೂ ಒಂದ್ಸಲ ರೂಢಿ ಆದ್ಮೇಲೆ ಅವ್ರು ಹಿಂದೆ ತಿರುಗಿ ನೋಡ್ಲಿಲ್ಲ. ಅವ್ರೊಬ್ರೇ ಅಲ್ಲ, ಮುಂಚೆ ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ಲಾರಿ ಐರ್ಲೆಂಡಿನಿಂದ ಬ್ರಿಟನ್ ಹಾಯ್ದು ಯುರೋಪಿಗೆ ಹೋಗೋವು, ಈಗ ರಾಸ್ಲೇರ್ ಬಂದರಿನಿಂದ ಫ್ರಾನ್ಸಿಗೆ ನೇರ ಹಡಗು ಜಾಸ್ತಿ ಆಗಿವೆ, ಡಂಕರ್ಕ್‌ಗೆ ಅಂತೂ 2021ರ ಜನವರಿ 2ಕ್ಕೇ ಹೊಸ ಮಾರ್ಗ ಶುರುವಾಯ್ತು, 24 ಗಂಟೆ ಪ್ರಯಾಣ ಆದ್ರೂ ಪೇಪರ್ ಇಲ್ವಲ್ಲ ಅಂತ ಲಾರಿಯೋರು ಅದನ್ನೇ ಹಿಡೀತಾರೆ.

ನಮ್ ಗೋಡೌನಲ್ಲಿ ಐರ್ಲೆಂಡ್ ಲೋಡಿಗೆ ಅಂತಾನೇ ಇದ್ದ ರಾತ್ರಿ ಶಿಫ್ಟ್ ನಿಂತ್ತು. ಪೋಲೆಂಡಿನ ಡ್ರೈವರ್ ಇಲ್ಲೇ ಇರೋಕೆ ಸೆಟಲ್ಡ್ ಸ್ಟೇಟಸ್ ತಗೊಂಡ, 2021ರ ಜೂನ್ 30 ಕೊನೇ ದಿನ ಇತ್ತು, ಫೋನಲ್ಲೇ ಆಯ್ತು, ಆದ್ರೆ ಕೈಗೆ ಒಂದು ಕಾರ್ಡ್ ಅಂತ ಕೊಡ್ಲಿಲ್ಲ, ಎಲ್ಲಾ ಆನ್‌ಲೈನಲ್ಲಿ, ಆಮೇಲೆ ಶಿಫ್ಟ್ ಹೋಯ್ತು ಅಂತ ಬೇಸತ್ತು ಹೆಂಡ್ತಿ ಮಕ್ಕಳ ಜೊತೆ ಪೋಲೆಂಡಿಗೇ ವಾಪಸ್ ಹೋದ. ಅವನಷ್ಟು ನೀಟಾಗಿ ಪ್ಯಾಲೆಟ್ ಕಟ್ಟೋರನ್ನ ನಾನು ಮತ್ತೆ ನೋಡಿಲ್ಲ.

2025ರ ಮೇ 19ಕ್ಕೆ ಲಂಡನ್ನಲ್ಲಿ ಬ್ರಿಟನ್ನು, ಒಕ್ಕೂಟ ಎರಡೂ ಕಡೆಯೋರು ಕೂತು, ಆಹಾರ ಪದಾರ್ಥದ ತಪಾಸಣೆ ಕಮ್ಮಿ ಮಾಡೋ ಒಪ್ಪಂದದ ಕಡೆ ಹೋಗ್ತೀವಿ ಅಂತ ಹೇಳಿದ್ದಾರೆ. ಅದು ಜಾರಿಗೆ ಬಂದ್ರೆ ಪಶುವೈದ್ಯರ ಸಹಿ ಸೀಲಿನ ಕಾಟ ತಪ್ಪಬಹುದು, ಬರ್ಲಿ, ನನಗೆ ಸಂತೋಷವೇ. ಅದೇ ವರ್ಷ ಜುಲೈನಲ್ಲಿ ಇಂಡಿಯಾ ಬ್ರಿಟನ್ ವ್ಯಾಪಾರ ಒಪ್ಪಂದಕ್ಕೂ ಸಹಿ ಆಯ್ತು, ಒಕ್ಕೂಟದೊಳಗೆ ಇದ್ದಿದ್ರೆ ಬ್ರಿಟನ್ ಒಂಟಿಯಾಗಿ ಅದನ್ನ ಮಾಡೋ ಹಾಗಿರ್ಲಿಲ್ಲ, ಅದನ್ನೂ ಹೇಳ್ಬೇಕು. ಆದ್ರೆ ಡಬ್ಲಿನ್‌ಗೆ ಹೋಗೋ ಸೋನಾ ಮಸೂರಿಗೆ ಇವೆರಡರಿಂದ್ಲೂ ಏನೂ ಆಗಲ್ಲ, ಒರಿಜಿನ್ ನಿಯಮ ಅಲ್ಲೇ ಇದೆ, ಡಿಕ್ಲರೇಷನ್ ಅಲ್ಲೇ ಇದೆ, ಕಸ್ಟಮ್ಸ್ ಯೂನಿಯನ್‌ಗೆ, ಅಂದ್ರೆ ಒಕ್ಕೂಟದ ಒಂದೇ ಸುಂಕದ ವ್ಯವಸ್ಥೆಗೆ, ವಾಪಸ್ ಹೋಗದೆ ಅವು ಹೋಗಲ್ಲ.

ಹೋದ ವರ್ಷ ಬೆಲ್‌ಫಾಸ್ಟ್ ಅಕ್ಕ ಫೋನ್ ಮಾಡಿ, ಲಂಡನ್ ಲೋಡು ಬರೋದು ತಡ ಆಗ್ತಿದೆ, ಡಬ್ಲಿನ್‌ನಲ್ಲಿ ಯಾರಾದ್ರೂ ಗೊತ್ತಿದ್ದೋರು ಇದ್ರೆ ಹೇಳು ತಮ್ಮ ಅಂದ್ರು. ಡಬ್ಲಿನ್‌ನಿಂದ ಬೆಲ್‌ಫಾಸ್ಟ್‌ಗೆ ಎರಡು ಗಂಟೆ ದಾರಿ, ಮಧ್ಯೆ ಗಡಿ ಇದೆ ಅಂತ ಬೋರ್ಡ್ ನೋಡದೆ ಇದ್ರೆ ಗೊತ್ತೂ ಆಗಲ್ಲ, ಒಂದು ಪೇಪರೂ ಬೇಡ. ಸೇಠನ್ನ ಕೇಳ್ದೆ, ಕೊಡು ಭಾಯ್, ಅವ್ರೂ ಅಂಗಡಿ ನಡೆಸ್ಬೇಕಲ್ಲ ಅಂದ್ರು. ಅಣ್ಣನ ನಂಬರ್ ಕೊಟ್ಟೆ. ಈಗ ರಾಗಿ ಹಿಟ್ಟು, ಅವಲಕ್ಕಿ, ಅಕ್ಕಿ ಎಲ್ಲಾ ಅಣ್ಣನ ವ್ಯಾನಲ್ಲೇ ಅಕ್ಕನ ಅಂಗಡಿಗೆ ಹೋಗುತ್ತೆ, ನಮ್ಮಿಂದ ಬೆಲ್‌ಫಾಸ್ಟ್‌ಗೆ ಹೋಗೋದು ಸ್ಟೀಲ್ ಪಾತ್ರೆ, ಇಡ್ಲಿ ಸ್ಟ್ಯಾಂಡು, ಅಗರಬತ್ತಿ ಇಷ್ಟೇ.